ಡಿಸ್ಕಿಲ್ಲದ ಗಣಕಯಂತ್ರಗಳು: ಅವು ಏಳುವ ಬಗೆ, ನಿಲ್ಲುವ ಬಗೆ

ಗೌರಿಬಿದನೂರಿನ ಸುತ್ತಣ ಹೊಲಗಳ ನಡುವೆ ಭೂಕಂಪನ ಮಾಪಕಗಳ ಸಾಲೊಂದು ಇಂಗ್ಲಿಷಿನ ಎಲ್ ಅಕ್ಷರದ ಎರಡು ತೋಳುಗಳಂತೆ ಚಾಚಿಕೊಂಡಿರುವುದನ್ನು ನಮ್ಮ ಜಿಲ್ಲೆಯ ಓದುಗರಲ್ಲಿ ಕೆಲವರಾದರೂ ಬಲ್ಲರು. ದೂರದೇಶಗಳಲ್ಲಿ ನೆಲದೊಳಗೆ ನಡೆಯುವ ಪರಮಾಣು ಸ್ಫೋಟಗಳನ್ನು ಸಹಜವಾದ ಭೂಕಂಪಗಳಿಂದ ಬೇರ್ಪಡಿಸಿ ಗುರುತಿಸುವ ಸಲುವಾಗಿ ನಮ್ಮ ದೇಶದ ಪರಮಾಣು ವಿಜ್ಞಾನಿಗಳು 1965ರಲ್ಲಿ ಇದನ್ನು ಸ್ಥಾಪಿಸಿದರು. ನೆಲ ನಡುಗಿತೆಂಬುದನ್ನು ಒಂದೇ ಮಾಪಕವೂ ಹೇಳಬಲ್ಲುದು. ಎತ್ತಣಿಂದ ನಡುಗಿತೆಂಬುದನ್ನು ಹೇಳಲಾರದು. ಅಲೆಯು ಒಂದು ಮಾಪಕವನ್ನು ಮೊದಲು ಮುಟ್ಟುತ್ತದೆ, ಇನ್ನೊಂದನ್ನು ಅರೆಗಳಿಗೆ ತಡವಾಗಿ ಮುಟ್ಟುತ್ತದೆ. ಯಾವುದು ಮೊದಲು, ಯಾವುದು ಅನಂತರ, ಎಷ್ಟು ಅಂತರ ಎಂಬುದನ್ನು ಒಟ್ಟಿಗೆ ಇಟ್ಟು ನೋಡಿದಾಗಲೇ ಅಲೆಯ ದಿಕ್ಕು ತಿಳಿಯುವುದು.

ಈ ಉಪಾಯವು ತೀರ ಬೇರೆಯದೊಂದು ಸ್ಥಳದಲ್ಲಿ, ಎಂದರೆ ಕಾಲೇಜಿನ ಗಣಕಯಂತ್ರಗಳ ಕೊಠಡಿಯಲ್ಲಿ, ನಮ್ಮ ಉಪಯೋಗಕ್ಕೆ ಬಂದ ಸಂಗತಿಯೊಂದಿದೆ. ಅದನ್ನು ಹೇಳುವ ನೆಪದಲ್ಲಿ, ಡಿಸ್ಕಿಲ್ಲದ ಗಣಕಯಂತ್ರವೊಂದು ಹೇಗೆ ಎದ್ದು ನಿಲ್ಲುತ್ತದೆ, ದೂರದ ಯಂತ್ರದಲ್ಲಿರುವ ಕಡತಗಳು ಅದಕ್ಕೆ ತನ್ನವೇ ಎಂಬಂತೆ ಹೇಗೆ ದೊರೆಯುತ್ತವೆ, ಈ ಏರ್ಪಾಡು ಕೆಟ್ಟಾಗ ದೋಷವನ್ನು ಎಲ್ಲಿ ಹುಡುಕಬೇಕು ಎಂಬುದನ್ನು ವಿವರಿಸಬೇಕೆಂದಿದ್ದೇವೆ.

ನಮ್ಮ ಕೊಠಡಿಯಲ್ಲಿ ಇಪ್ಪತ್ತು ಗಣಕಯಂತ್ರಗಳಿವೆ. ಎಲ್ಲವೂ ಹಳೆಯವು, ಒಂದೊಂದಾಗಿ ಅವುಗಳ ಡಿಸ್ಕುಗಳು ಕೆಟ್ಟುಹೋದ ಮೇಲೆ, ಹೊಸದನ್ನು ಕೊಳ್ಳಲು ಹಣವಿಲ್ಲದುದರಿಂದ, ಡಿಸ್ಕೇ ಇಲ್ಲದೆ ನಡೆಸುವ ಮಾರ್ಗವನ್ನು ಹಿಡಿದೆವು. ಮೂಲೆಯಲ್ಲಿರುವ ಒಂದು ಯಂತ್ರಕ್ಕೆ ಮಾತ್ರ ಎರಡು ಡಿಸ್ಕುಗಳುಂಟು. ಇದೇ ಸರ್ವರ್. ಮೊದಲನೆಯ ಡಿಸ್ಕಿನಲ್ಲಿ ಲಿನಕ್ಸ್ ಕಾರ್ಯವ್ಯವಸ್ಥೆಯೂ ಇಪ್ಪತ್ತು ಯಂತ್ರಗಳಿಗೆ ಬೇಕಾದ ಸಮಸ್ತ ಕ್ರಮವಿಧಿಗಳೂ ಇವೆ. ಎರಡನೆಯದರಲ್ಲಿ ವಿದ್ಯಾರ್ಥಿಗಳ ಸ್ವಂತ ಕೆಲಸಗಳು. ಉಳಿದ ಯಂತ್ರಗಳು ಎಲ್ಲವನ್ನೂ ಜಾಲದ ತಂತಿಯ ಮೂಲಕ ಇಲ್ಲಿಂದಲೇ ಪಡೆಯುತ್ತವೆ.

ಡಿಸ್ಕಿಲ್ಲದ ಯಂತ್ರ ಏಳುವ ಬಗೆ

ಗಣಕಯಂತ್ರವನ್ನು ಚಾಲೂ ಮಾಡುವುದಕ್ಕೆ ಬೂಟ್ ಮಾಡುವುದು ಎನ್ನುತ್ತಾರಷ್ಟೆ. ತಾನು ತೊಟ್ಟ ಬೂಟಿನ ಪಟ್ಟಿಯನ್ನು ಹಿಡಿದು ತನ್ನನ್ನು ತಾನೇ ಮೇಲೆತ್ತಿಕೊಳ್ಳುವುದೆಂಬ ವಿನೋದದ ಮಾತಿನಿಂದ ಈ ಹೆಸರು ಹುಟ್ಟಿತು. ನಮ್ಮಲ್ಲಿ ತನ್ನ ಹೆಗಲನ್ನು ತಾನೇ ಏರಿದಂತೆ ಎನ್ನಬಹುದು. ಕ್ರಮವಿಧಿಯನ್ನು ಸ್ಮರಣೆಗೆ ತುಂಬಲು ಇನ್ನೊಂದು ಕ್ರಮವಿಧಿ ಬೇಕು, ಅದನ್ನು ತುಂಬುವವರಾರು? ಈ ತೊಡಕಿಗೆ ಪರಿಹಾರವಾಗಿ ಯಂತ್ರದ ತಾಯಿಹಲಗೆಯ ಮೇಲೆ, ವಿದ್ಯುತ್ತು ಹೋದರೂ ಅಳಿಯದ ಚಿಪ್ಪೊಂದರಲ್ಲಿ, ಒಂದು ಚಿಕ್ಕ ಕ್ರಮವಿಧಿಯನ್ನು ಶಾಶ್ವತವಾಗಿ ಇರಿಸಿರುತ್ತಾರೆ. ಗುಂಡಿಯನ್ನು ಒತ್ತಿದೊಡನೆ ಎಚ್ಚರಗೊಳ್ಳುವುದು ಅದು. ಸ್ಮರಣೆ, ಕೀಲಿಮಣೆ ಮುಂತಾದುವು ಸರಿಯಾಗಿವೆಯೇ ಎಂದು ನೋಡಿ, ಕಾರ್ಯವ್ಯವಸ್ಥೆಯನ್ನು ಎಲ್ಲಿಂದ ತರಬೇಕೆಂದು ಅದು ಹುಡುಕತೊಡಗುತ್ತದೆ.

ಡಿಸ್ಕು ಇಲ್ಲದಿರುವಾಗ ಜಾಲವೇ ಗತಿ. ಆದರೆ ಆಗತಾನೇ ಕಣ್ಣುಬಿಟ್ಟ ಯಂತ್ರಕ್ಕೆ ತನ್ನ ವಿಳಾಸವೂ ತಿಳಿಯದು, ಸರ್ವರಿನ ವಿಳಾಸವೂ ತಿಳಿಯದು. ಆದುದರಿಂದ ಅದು ಜಾಲದಲ್ಲಿರುವ ಎಲ್ಲರಿಗೂ ಕೇಳುವಂತೆ ಕೂಗುತ್ತದೆ: “ನನ್ನ ಕಾರ್ಡಿನ ಸಂಖ್ಯೆ ಇಂತಹುದು, ನನಗೊಂದು ವಿಳಾಸ ಕೊಡುವವರಿದ್ದೀರಾ?” ಸರ್ವರು ಆ ಕೂಗಿಗೆ ಓಗೊಟ್ಟು, ವಿಳಾಸವನ್ನೂ ಮೊದಲು ತರಿಸಿಕೊಳ್ಳಬೇಕಾದ ಕಡತದ ಹೆಸರನ್ನೂ ಹೇಳುತ್ತದೆ. ಇದಕ್ಕಾಗಿ 1985ರಲ್ಲಿ ಬೂಟ್‌ಪಿ ಎಂಬ ನಿಯಮಾವಳಿ ಬಂತು. ಅದನ್ನೇ ವಿಸ್ತರಿಸಿದ ಡಿ.ಎಚ್.ಸಿ.ಪಿ. ಎಂಬುದು ಈಗ ಬಳಕೆಯಲ್ಲಿದೆ. ಜಾಲದ ಕಾರ್ಡಿನಲ್ಲಿ ಅಡಗಿದ್ದು ಈ ಕೆಲಸವನ್ನು ನಡೆಸುವ ಕ್ರಮವಿಧಿಗೆ ಪಿ.ಎಕ್ಸ್.ಇ. ಎಂದು ಹೆಸರು.

ಕಡತದ ಹೆಸರು ತಿಳಿದ ಮೇಲೆ ಅದನ್ನು ತರಿಸಿಕೊಳ್ಳುವುದು ಟಿ.ಎಫ್.ಟಿ.ಪಿ. ಎಂಬ ಬಹು ಸರಳವಾದ ವಿಧಾನದಿಂದ. ಇದರಲ್ಲಿ ಗುಪ್ತಪದವಿಲ್ಲ, ಏನೇನಿದೆಯೆಂದು ಪಟ್ಟಿ ಕೇಳುವ ಅವಕಾಶವೂ ಇಲ್ಲ. ಮೂಲ ನಿಯಮದಂತೆ ಕಡತವನ್ನು 512 ಬೈಟುಗಳ ತುಂಡುಗಳಾಗಿ ಕಳುಹುತ್ತಾರೆ. ಒಂದು ತುಂಡು ಮುಟ್ಟಿತೆಂಬ ಉತ್ತರ ಬಂದ ಹೊರತು ಮುಂದಿನ ತುಂಡು ಹೊರಡುವುದಿಲ್ಲ. 10 ಮೆಗಾಬೈಟಿನ ಕಡತವಾದರೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಸಲ ಈ ಕೊಡುಕೊಳ್ಳುವಿಕೆ ನಡೆಯಬೇಕು. (ಈಚಿನ ಯಂತ್ರಗಳು ದೊಡ್ಡ ತುಂಡುಗಳಿಗೆ ಪರಸ್ಪರ ಒಪ್ಪಿಕೊಳ್ಳುತ್ತವೆ.) ಹೀಗೆ ಬರುವುದೇ ಕರ್ನಲ್, ಎಂದರೆ ಕಾರ್ಯವ್ಯವಸ್ಥೆಯ ತಿರುಳು. ತಿರುಳು ಸ್ಮರಣೆಯಲ್ಲಿ ನೆಲೆಗೊಂಡ ಬಳಿಕ ತನ್ನ ಕಡತವೃಕ್ಷದ ಬೇರನ್ನು ಸರ್ವರಿನಿಂದ ಪಡೆದುಕೊಳ್ಳುತ್ತದೆ. ಆಮೇಲೆ ವಿದ್ಯಾರ್ಥಿಗಳ ಮನೆಕೋಶಗಳನ್ನು ಜೋಡಿಸಿಕೊಳ್ಳುತ್ತದೆ. ಕೊನೆಗೆ, ಹೆಸರನ್ನೂ ಗುಪ್ತಪದವನ್ನೂ ಕೇಳುವ ಪರದೆ ಮೂಡುತ್ತದೆ. ಹಿಂದಿನ ಮೆಟ್ಟಿಲನ್ನು ಹತ್ತದೆ ಮುಂದಿನದಕ್ಕೆ ಕಾಲಿಡುವಂತಿಲ್ಲ. ಇದೇ ನಮಗೆ ಅನುಕೂಲ: ಯಂತ್ರವು ಆರನೆಯ ಮೆಟ್ಟಿಲಿನಲ್ಲಿ ನಿಂತಿದ್ದರೆ ಮೊದಲ ಐದನ್ನು ಕುರಿತು ಯೋಚಿಸುವ ಅಗತ್ಯವೇ ಇಲ್ಲ.

ಒಂದು ಸೋಮವಾರದ ಬೆಳಿಗ್ಗೆ

ಮಳೆಗಾಲದ ಒಂದು ಭಾನುವಾರ ರಾತ್ರಿ ಗುಡುಗು ಮಿಂಚು ಬಲವಾಗಿ, ವಿದ್ಯುತ್ತು ಬಹಳ ಹೊತ್ತು ಇಲ್ಲವಾಯಿತು. ಸರ್ವರಿಗೆ ಆಸರೆಯಾಗಿದ್ದ ಬ್ಯಾಟರಿ ಬರಿದಾಗಿ, ಅದೂ ಥಟ್ಟನೆ ಆರಿಹೋಯಿತು. ಮಾರನೆಯ ದಿನ ನಾವು ಬರುವ ಮೊದಲೇ ಪ್ರಯೋಗಶಾಲೆಯ ಸಹಾಯಕರು ಬಂದು ಸರ್ವರಿನ ಗುಂಡಿಯನ್ನು ಒತ್ತಿ, ಹಿಂದೆಯೇ ಉಳಿದ ಯಂತ್ರಗಳನ್ನೂ ಮೊದಲ ಸಾಲಿನಿಂದ ಒಂದೊಂದಾಗಿ ಚಾಲೂ ಮಾಡುತ್ತ ಹೋಗಿದ್ದರು. ನಾವು ಒಳಗೆ ಕಾಲಿಟ್ಟಾಗ, “ಎಂಟು ಯಂತ್ರ ಸುಟ್ಟುಹೋಗಿವೆ ಸಾರ್, ಸಿಡಿಲು ಹೊಡೆದಿದೆ” ಎಂದರು.

ನಮಗೂ ಮೊದಲು ಹಾಗೆಯೇ ತೋರಿತು. ಆದರೆ ಎಂಟನ್ನೂ ಒಮ್ಮೆ ನೋಡಿಕೊಂಡು ಬಂದಾಗ ಒಂದು ವಿಶೇಷ ಕಣ್ಣಿಗೆ ಬಿತ್ತು. ಅವುಗಳಲ್ಲಿ ಏಳು ಮೊದಲ ಸಾಲಿನವು. ಏಳೂ ಒಂದೇ ಮಾತನ್ನು ತೋರಿಸುತ್ತ ನಿಂತಿದ್ದುವು: ಬೂಟ್ ಮಾಡಲು ಯಾವ ಸಾಧನವೂ ದೊರೆಯಲಿಲ್ಲ. ಎಂಟನೆಯದು ಮಾತ್ರ ಹಿಂದಿನ ಸಾಲಿನಲ್ಲಿ, ಚೆನ್ನಾಗಿರುವ ಯಂತ್ರಗಳ ನಡುವೆ ಒಂಟಿಯಾಗಿತ್ತು. ಸಿಡಿಲಿಗೆ ಸಾಲುಗಳ ಗೊಡವೆ ಏಕೆ? ಮೊದಲ ಸಾಲಿಗೂ ಉಳಿದವಕ್ಕೂ ಇದ್ದ ಭೇದವೆಂದರೆ ಅವು ಇದ್ದ ಜಾಗವಲ್ಲ, ಗುಂಡಿ ಒತ್ತಿದ ಹೊತ್ತು. ಗೌರಿಬಿದನೂರಿನ ಮಾಪಕಗಳು ನೆನಪಾದುದು ಆಗಲೇ. ಪಿ.ಎಕ್ಸ್.ಇ. ನಿಯಮದಂತೆ ಯಂತ್ರವು ವಿಳಾಸಕ್ಕಾಗಿ ಕೂಗಿ 4 ಸೆಕೆಂಡು ಕಾಯುತ್ತದೆ. ಉತ್ತರ ಬಾರದಿದ್ದರೆ ಮತ್ತೆ ಕೂಗಿ 8, ಆಮೇಲೆ 16, ಕೊನೆಗೆ 32 ಸೆಕೆಂಡು ಕಾಯುತ್ತದೆ. ಒಟ್ಟಿನಲ್ಲಿ ಒಂದು ನಿಮಿಷ. ಅಷ್ಟರಲ್ಲಿ ಯಾರೂ ಓಗೊಡದಿದ್ದರೆ ಆಸೆ ಬಿಟ್ಟು ಸುಮ್ಮನಾಗುತ್ತದೆ. ನಮ್ಮ ಸರ್ವರಿಗೋ ತನ್ನ ಸ್ಮರಣೆಯನ್ನು ಪರೀಕ್ಷಿಸಿಕೊಂಡು ಏಳಲು ಮೂರು ನಾಲ್ಕು ನಿಮಿಷ ಬೇಕು. ಮೊದಲ ಏಳು ಯಂತ್ರಗಳು ಕೂಗಿದಾಗ ಅದಿನ್ನೂ ಎದ್ದಿರಲಿಲ್ಲ. ತಡವಾಗಿ ಕೂಗಿದವಕ್ಕೆ ಉತ್ತರ ದೊರೆಯಿತು. ಏಳರ ಗುಂಡಿಯನ್ನೂ ಇನ್ನೊಮ್ಮೆ ಒತ್ತಿದೆವು. ಏಳೂ ಎದ್ದುವು.

ಒಂಟಿಯಾಗಿದ್ದ ಎಂಟನೆಯದು ಏಳಲಿಲ್ಲ. ಉಳಿದ ಹತ್ತೊಂಬತ್ತೂ ಸರಿಯಾಗಿರುವಾಗ ಸರ್ವರನ್ನು ಸಂಶಯಿಸುವುದು ವ್ಯರ್ಥ. ದೋಷ ಆ ಯಂತ್ರದಲ್ಲಿರಬೇಕು, ಇಲ್ಲವೆ ಅದರದೇ ತಂತಿಯಲ್ಲಿರಬೇಕು. ಜಾಲದ ಕಾರ್ಡಿನ ಬಳಿ ಮಿನುಗಬೇಕಾದ ಚಿಕ್ಕ ಹಸಿರು ದೀಪ ಆರಿತ್ತು. ಮೇಜಿನ ಕೆಳಗೆ ಬಗ್ಗಿ ನೋಡಿದರೆ ಇಲಿಯೊಂದು ತಂತಿಯನ್ನು ಕಡಿದು ತನ್ನ ಕೆಲಸ ಮುಗಿಸಿಕೊಂಡು ಹೋಗಿತ್ತು. ಸಿಡಿಲಿನ ವಿಚಾರ ಇಲ್ಲಿಗೆ ಮುಗಿಯಿತು.

ಖಾಲಿಯಾದ ಮನೆ

ನಿಜವಾದ ತೊಂದರೆ ಕಾಣಿಸಿಕೊಂಡುದು ಆಮೇಲೆ. ಯಂತ್ರಗಳೆಲ್ಲ ಎದ್ದು ಹೆಸರನ್ನು ಕೇಳುತ್ತಿದ್ದುವು. ಹೆಸರು ಕೊಟ್ಟು ಒಳಹೊಕ್ಕ ವಿದ್ಯಾರ್ಥಿಗಳಿಗೆ ಮಾತ್ರ “ನಿಮ್ಮ ಮನೆಕೋಶ ಇಲ್ಲ” ಎಂಬ ಉತ್ತರ ಬರುತ್ತಿತ್ತು. ಮೊದಲು ಬಂದ ಮೂವರಿಗೆ ಸಹಾಯಕರು ಸರ್ವರಿನಲ್ಲಿ ಹೊಸದಾಗಿ ಕೋಶಗಳನ್ನು ತೆರೆದುಕೊಟ್ಟಿದ್ದರು. ಅವರು ಒಳಗೆ ಹೋಗಿ ಕೆಲಸಕ್ಕೆ ತೊಡಗಿಯೂ ಇದ್ದರು. ಆದರೆ ಅವರ ಹಳೆಯ ಕಡತಗಳಲ್ಲಿ ಒಂದೂ ಅಲ್ಲಿರಲಿಲ್ಲ.

ಶಿಡ್ಲಘಟ್ಟದ ಕಡೆಯ ಹಳ್ಳಿಯೊಂದರಿಂದ ಬರುವ ಪದವಿ ತರಗತಿಯ ವಿದ್ಯಾರ್ಥಿನಿಯೊಬ್ಬಳು ನಮ್ಮ ಮುಂದೆ ಬಂದು ನಿಂತು, “ಸಾರ್, ನನ್ನ ಪಟ್ಟಿ ಹೋಯಿತೇ?” ಎಂದಳು. ಅವಳ ಮನೆಯವರು ರೇಷ್ಮೆ ಹುಳು ಸಾಕುವವರು. ಹುಳುಮನೆಯ ಉಷ್ಣತೆ ಮತ್ತು ತೇವಾಂಶಗಳನ್ನು ದಿನಕ್ಕೆ ಮೂರು ಸಲ ಅಳೆದು, ಮೂರು ಬೆಳೆಗಳ ಕಾಲ, ಹುಳು ಪ್ರತಿಯೊಂದು ಜ್ವರದಿಂದ ಏಳುವ ದಿನವನ್ನೂ ಚಂದ್ರಿಕೆಗೆ ಹತ್ತುವ ದಿನವನ್ನೂ ಗುರುತು ಹಾಕಿ, ಆಕೆ ಒಂದು ಪಟ್ಟಿಯನ್ನು ಸಿದ್ಧಪಡಿಸಿದ್ದಳು. ಇನ್ನೂರಕ್ಕೂ ಮಿಕ್ಕ ವಾಚನಗಳು. ಬರೆದಿಟ್ಟ ಚೀಟಿಗಳನ್ನು ಕಡತಕ್ಕೆ ಏರಿಸಿದ ಮೇಲೆ ಎಸೆದಿದ್ದಳು. ನಮ್ಮಲ್ಲಿ ಇದ್ದ ಮರುಪ್ರತಿ ಹಿಂದಿನ ತಿಂಗಳಿನದು. ಮೂರನೆಯ ಬೆಳೆ ಅದರಲ್ಲಿ ಇರಲಿಲ್ಲ.

ಆ ಹಳೆಯ ಪ್ರತಿಯನ್ನೇ ತಂದು ಖಾಲಿಯಾದ ಕೋಶಗಳಿಗೆ ಸುರಿದುಬಿಡೋಣ ಎಂಬ ಸಲಹೆ ಬಂತು. ನಾವು ಬೇಡವೆಂದೆವು. ಕಡತಗಳು ಅಳಿದಿವೆಯೇ, ಇಲ್ಲವೆ ಕಾಣದಾಗಿವೆಯೇ ಎಂಬುದು ತಿಳಿಯುವ ಮೊದಲು ಆ ಸರ್ವರಿನಲ್ಲಿ ಒಂದು ಅಕ್ಷರವನ್ನೂ ಬರೆಯಲು ನಮಗೆ ಮನಸ್ಸಿರಲಿಲ್ಲ. ಇಪ್ಪತ್ತು ಯಂತ್ರಗಳಿಗೂ ಒಂದೇ ಬಗೆಯ ತೊಂದರೆ, ಒಂದೇ ಮೆಟ್ಟಿಲಿನಲ್ಲಿ. ಆದುದರಿಂದ ಕಾರಣವು ಎಲ್ಲಕ್ಕೂ ಸಮಾನವಾದುದರಲ್ಲಿ, ಎಂದರೆ ಸರ್ವರಿನಲ್ಲೇ, ಇರಬೇಕು. ಆದರೆ ಕರ್ನಲ್ಲೂ ಕ್ರಮವಿಧಿಗಳೂ ಇರುವ ಮೊದಲನೆಯ ಡಿಸ್ಕು ಸರಿಯಾಗಿ ಒದಗುತ್ತಿದೆ. ಹಾಗಾದರೆ ಎರಡನೆಯ ಡಿಸ್ಕು ಎಲ್ಲಿ?

ಇಲ್ಲಿ ಯುನಿಕ್ಸಿನ ಒಂದು ಮೂಲಭೂತ ಕಲ್ಪನೆಯನ್ನು ತಿಳಿಯಬೇಕು. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಎಂಬವರು ತೊಡಗಿಸಿದ ಈ ವ್ಯವಸ್ಥೆಯಲ್ಲಿ, ಅದರ ಹಾದಿಯಲ್ಲಿ ನಡೆದ ಲಿನಕ್ಸಿನಲ್ಲಿಯೂ, ಡಿಸ್ಕುಗಳಿಗೆ ಬೇರೆ ಬೇರೆ ಅಕ್ಷರಗಳ ಹೆಸರಿಲ್ಲ. ಇರುವುದು ಒಂದೇ ವೃಕ್ಷ, ಅದಕ್ಕೊಂದೇ ಬೇರು. ಇನ್ನೊಂದು ಡಿಸ್ಕನ್ನು ಬಳಸಬೇಕಾದರೆ ಅದನ್ನು ಈ ವೃಕ್ಷದಲ್ಲಿ ಈಗಾಗಲೇ ಇರುವ ಒಂದು ಕೋಶದ ಮೇಲೆ ಜೋಡಿಸುತ್ತಾರೆ. ಇದಕ್ಕೆ ಮೌಂಟ್ ಮಾಡುವುದು ಎಂದು ಹೆಸರು. ನೆಲದ ಮೇಲೆ ಚಾಪೆ ಹಾಸಿದಂತೆ ಎಂದು ತಿಳಿಯಬಹುದು. ಚಾಪೆ ಹಾಸಿರುವಷ್ಟು ಕಾಲ ಕಾಣುವುದು ಚಾಪೆಯ ಮೇಲಿನ ವಸ್ತುಗಳು ಮಾತ್ರ. ಚಾಪೆಯ ಅಡಿಯಲ್ಲಿ ಒಂದು ನಾಣ್ಯ ಬಿದ್ದಿದ್ದರೆ ಅದು ಕಾಣದು. ಅಂದ ಮಾತ್ರಕ್ಕೆ ಅದು ಇಲ್ಲವೆಂದಲ್ಲ. ಚಾಪೆಯನ್ನು ವಸ್ತುಗಳ ಸಮೇತ ಎತ್ತಿ ಅಟ್ಟದ ಮೇಲಿಟ್ಟರೆ ಕೆಳಗಿನ ಬರಿನೆಲ ಕಾಣುತ್ತದೆ. ದಾರಿಹೋಕನು ಇಣಿಕಿ ನೋಡಿದರೆ ಆ ಮನೆಯಲ್ಲಿ ಏನೂ ಇಲ್ಲವೆಂದೇ ತಿಳಿದಾನು.

ಸರ್ವರಿನ ಮುಂದೆ ಕುಳಿತು ಡಿ.ಎಫ್. ಎಂಬ ಆಜ್ಞೆಯನ್ನು ಕೊಟ್ಟೆವು. ಯಾವ ಕೋಶ ಯಾವ ಡಿಸ್ಕಿನ ಮೇಲಿದೆ, ಅದರ ಅಳತೆ ಎಷ್ಟೆಂಬುದನ್ನು ಇದು ಹೇಳುತ್ತದೆ. ಮನೆಕೋಶಗಳ ಸ್ಥಾನದಲ್ಲಿ ಒಂದು ಟೆರಾಬೈಟ್ ಇರಬೇಕಾದಲ್ಲಿ ಇದ್ದುದು ಮೊದಲನೆಯ ಡಿಸ್ಕಿನ 120 ಗಿಗಾಬೈಟ್. ಎಂದರೆ ಚಾಪೆ ಹಾಸಿಯೇ ಇರಲಿಲ್ಲ. ಇಪ್ಪತ್ತು ಯಂತ್ರಗಳಿಗೆ ನಮ್ಮ ಸರ್ವರು ಬರಿನೆಲವನ್ನು ತೋರಿಸಿ, ಇದೇ ಮನೆ ಎನ್ನುತ್ತಿತ್ತು. ಸರ್ವರಿನ ದಿನಚರಿಯನ್ನು ತೆರೆದು ನೋಡಿದಾಗ ಕಾರಣವೂ ದೊರೆಯಿತು. ವಿದ್ಯುತ್ತು ಥಟ್ಟನೆ ಹೋದುದರಿಂದ ಎರಡನೆಯ ಡಿಸ್ಕಿನ ಲೆಕ್ಕಪತ್ರಗಳು ತಾಳೆಯಾಗದೆ, ಯಂತ್ರವು ತಾನಾಗಿ ಸರಿಪಡಿಸಲಾರದೆ, ಕೈಯಿಂದ ಪರೀಕ್ಷಿಸಿರೆಂದು ಬರೆದು ಕೈಬಿಟ್ಟಿತ್ತು.

ಇಷ್ಟಾದರೂ ಸರ್ವರು ಏಕೆ ನಿಲ್ಲದೆ ಮುಂದುವರಿಯಿತು? ಇದಕ್ಕೆ ಹೊಣೆ ನಾವೇ. ಯಾವ ಡಿಸ್ಕನ್ನು ಎಲ್ಲಿ ಜೋಡಿಸಬೇಕೆಂಬ ಪಟ್ಟಿ ಎಟ್‌ಸಿ ಎಂಬ ಕೋಶದೊಳಗೆ ಎಫ್‌ಎಸ್‌ಟ್ಯಾಬ್ ಎಂಬ ಕಡತದಲ್ಲಿರುತ್ತದೆ. ಹಿಂದಿನ ವರ್ಷ ಮರುಪ್ರತಿಯ ಡಿಸ್ಕನ್ನು ಕಳಚಿ ಇಟ್ಟಿದ್ದಾಗ, ಸರ್ವರು ಅದಕ್ಕಾಗಿ ಒಂದೂವರೆ ನಿಮಿಷ ಕಾದು, ಸಿಗಲಿಲ್ಲವೆಂದು ತುರ್ತುಸ್ಥಿತಿಯ ಪರದೆಗೆ ಬಂದು ನಿಂತುಬಿಟ್ಟಿತ್ತು. ಅಂದಿನ ತರಗತಿ ಕೆಟ್ಟಿತೆಂಬ ಬೇಸರದಲ್ಲಿ ನಾವು ಆ ಪಟ್ಟಿಯಲ್ಲಿ ನೋಫೇಲ್ ಎಂಬ ಪದವನ್ನು ಸೇರಿಸಿದೆವು. ಡಿಸ್ಕು ದೊರೆಯದಿದ್ದರೂ ಚಿಂತೆಯಿಲ್ಲ, ಮುಂದೆ ಹೋಗು ಎಂದು ಅದರ ಅರ್ಥ. ಅಷ್ಟೇ ಆಗಿದ್ದರೆ ಸರಿಯಾಗಿತ್ತು. ಆದರೆ ಇರಲಿ ಎಂದು ಅದನ್ನು ಮನೆಕೋಶಗಳ ಸಾಲಿಗೂ ಸೇರಿಸಿದ್ದೆವು. ನಿಲ್ಲಬೇಕಾದಲ್ಲಿ ನಿಲ್ಲದಂತೆ ಯಂತ್ರಕ್ಕೆ ಕಲಿಸಿದವರು ನಾವು. ಅದು ಕಲಿತ ಪಾಠವನ್ನು ಆ ದಿನ ಒಪ್ಪಿಸಿತು.

ಕಾಯುವ ಯಂತ್ರಗಳು

ಡಿಸ್ಕನ್ನು ಪರೀಕ್ಷಿಸುವ ಮೊದಲು ಜಾಲಕ್ಕೆ ಕಡತಗಳನ್ನು ಒದಗಿಸುವ ಸೇವೆಯನ್ನೇ ನಿಲ್ಲಿಸಿದೆವು. ಬರಿನೆಲದ ಮೇಲೆ ಇನ್ನಾರೂ ಏನನ್ನೂ ಬರೆಯದಿರಲಿ ಎಂಬುದು ಉದ್ದೇಶ. ಆಗ ಐದು ಯಂತ್ರಗಳು ಚಾಲೂ ಇದ್ದುವು. ಅವುಗಳ ಪರದೆಗಳು ಇದ್ದಂತೆಯೇ ಹೆಪ್ಪುಗಟ್ಟಿದುವು. ಒಂದರಲ್ಲಿ ಪಟ್ಟಿಯೊಂದು ಅರ್ಧ ಮೂಡಿ ಅರ್ಧಕ್ಕೇ ನಿಂತಿತು. ಬರಹದ ಪರದೆಯಲ್ಲಿದ್ದ ಯಂತ್ರದ ಮೇಲೆ, ಸರ್ವರು ಉತ್ತರ ಕೊಡುತ್ತಿಲ್ಲ, ಇನ್ನೂ ಪ್ರಯತ್ನಿಸುತ್ತಿದ್ದೇನೆ ಎಂಬರ್ಥದ ಸಾಲು ಬಂತು. ಗುಂಡಿಯನ್ನು ಒತ್ತಿ ಆರಿಸಲು ಕೈಯೆತ್ತಿದ ಹುಡುಗರನ್ನು ತಡೆದು, ಹಾಗೆಯೇ ಬಿಡಿರೆಂದೆವು. ಮೊದಲ ಸಾಲಿನ ಏಳು ಯಂತ್ರಗಳು ಒಂದು ನಿಮಿಷ ಕಾದು ಕೈಚೆಲ್ಲಿದುದನ್ನು ಮೇಲೆ ಹೇಳಿದೆವು. ಈ ಐದು ಎಷ್ಟು ಹೊತ್ತಾದರೂ ಕಾಯತಕ್ಕವು. ಈ ಭೇದ ಎಲ್ಲಿಂದ ಬಂತು?

ದೂರದ ಕಡತಗಳನ್ನು ಒದಗಿಸುವ ಈ ವಿಧಾನಕ್ಕೆ ಎನ್.ಎಫ್.ಎಸ್. ಎಂದು ಹೆಸರು. 1984ರಲ್ಲಿ ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಕಂಪೆನಿಯವರು ಇದನ್ನು ರೂಪಿಸಿದರು. ಆಗ ಡಿಸ್ಕು ದುಬಾರಿ. ಡಿಸ್ಕಿಲ್ಲದ ಯಂತ್ರಗಳನ್ನು ಆ ಕಂಪೆನಿ ಮಾರುತ್ತಿತ್ತು. ಸರ್ವರು ಆಗಾಗ ಕೆಟ್ಟು ಮತ್ತೆ ಏಳುವುದು ಸಹಜವೆಂದು ಅವರು ಮೊದಲೇ ಒಪ್ಪಿಕೊಂಡು, ಹಾಗಾದಾಗ ಉಳಿದ ಯಂತ್ರಗಳಿಗೆ ಹಾನಿಯಾಗದಂತೆ ಏನು ಮಾಡಬೇಕೆಂದು ಯೋಚಿಸಿದರು. ಅವರ ಉತ್ತರ ಬಲು ಸೊಗಸಾದುದು. ಖಾತೆಯನ್ನೇ ಇಡದ ಗ್ರಂಥಪಾಲಕನೊಬ್ಬನನ್ನು ಕಲ್ಪಿಸಿಕೊಳ್ಳಿ. ಯಾರು ಯಾವ ಪುಸ್ತಕವನ್ನು ಎಲ್ಲಿಯವರೆಗೆ ಓದಿದರೆಂಬುದು ಅವನಿಗೆ ನೆನಪಿಲ್ಲ, ಬೇಕಾಗಿಯೂ ಇಲ್ಲ. ಪ್ರತಿಯೊಂದು ಕೋರಿಕೆಯ ಚೀಟಿಯಲ್ಲಿಯೂ ಇಂತಹ ಪುಸ್ತಕದ ಇಂತಹ ಪುಟ ಎಂದು ಪೂರ್ತಿಯಾಗಿ ಬರೆದಿರುತ್ತದೆ; ಅವನು ಆ ಪುಟವನ್ನು ನಕಲು ಮಾಡಿ ಕೊಡುತ್ತಾನೆ. ಅವನು ನಡುವೆ ಊಟಕ್ಕೆ ಎದ್ದುಹೋದರೆ ಚೀಟಿಯನ್ನು ಮತ್ತೆ ಮತ್ತೆ ಕಿಟಕಿಯಲ್ಲಿ ತೂರಿಸುತ್ತಿದ್ದರಾಯಿತು. ಅವನು ಮರಳಿದಾಗ, ಅಥವಾ ಅವನ ಬದಲು ಬೇರೊಬ್ಬನು ಬಂದು ಕುಳಿತಾಗ, ಕೆಲಸ ನಿಂತಲ್ಲಿಂದಲೇ ಮುಂದೆ ಸಾಗುವುದು. ಐದನೆಯ ಪುಟವನ್ನು ಎರಡು ಸಲ ಕೇಳಿದರೂ ನಷ್ಟವಿಲ್ಲ, ಬರುವುದು ಅದೇ ಐದನೆಯ ಪುಟ. ಹೀಗೆ, ಸರ್ವರು ಸತ್ತು ಹುಟ್ಟಿದುದಕ್ಕೂ ಬರಿಯ ನಿಧಾನ ಮಾಡಿದುದಕ್ಕೂ, ಕೇಳುವ ಯಂತ್ರದ ದೃಷ್ಟಿಯಲ್ಲಿ ಭೇದವೇ ಇಲ್ಲದಂತಾಯಿತು.

ಆದುದರಿಂದ ಕಾಯುವುದು ಇಲ್ಲಿ ರೋಗವಲ್ಲ, ಉದ್ದೇಶಪೂರ್ವಕವಾದ ಗುಣ. ಇದಕ್ಕೆ ಗಟ್ಟಿ ಜೋಡಣೆ ಎನ್ನುತ್ತಾರೆ. ಕೆಲವು ಸಲ ಕೇಳಿ ಉತ್ತರ ಬಾರದಿದ್ದರೆ ತಪ್ಪಾಯಿತೆಂದು ಹೇಳಿ ಬಿಟ್ಟುಬಿಡುವ ಮೆತು ಜೋಡಣೆಯೂ ಉಂಟು. ಪರದೆ ಹೆಪ್ಪುಗಟ್ಟುವುದನ್ನು ಸಹಿಸದವರು ಅದನ್ನು ಆರಿಸಿಕೊಳ್ಳುವುದುಂಟು. ಆದರೆ ಬರೆಯುತ್ತಿದ್ದ ಕಡತ ನಡುವೆ ತುಂಡಾಗಿ, ತಪ್ಪನ್ನು ಗಮನಿಸದ ಕ್ರಮವಿಧಿ ಎಲ್ಲವೂ ಸರಿಯಾಗಿದೆಯೆಂದು ಮುಂದುವರಿಯುವ ಅಪಾಯವಿದೆ. ವಿದ್ಯಾರ್ಥಿಗಳ ಕೆಲಸ ಇರುವ ಕಡೆ ಇದನ್ನು ಬಳಸುವುದು ಸಲ್ಲದೆಂಬುದು ನಮ್ಮ ಅಭಿಪ್ರಾಯ. 2000ದಲ್ಲಿ ಪ್ರಕಟವಾದ ನಾಲ್ಕನೆಯ ಆವೃತ್ತಿಯಲ್ಲಿ ಗ್ರಂಥಪಾಲಕನು ಸ್ವಲ್ಪ ಖಾತೆ ಇಡತೊಡಗಿದನೆನ್ನಬಹುದು. ಅದರಲ್ಲಿ ಸರ್ವರು ಮರಳಿ ಎದ್ದಮೇಲೆ, ಲಿನಕ್ಸಿನ ಸಾಮಾನ್ಯ ಏರ್ಪಾಡಿನಂತೆ, 90 ಸೆಕೆಂಡುಗಳ ಕಾಲ ಹಳೆಯ ಗಿರಾಕಿಗಳು ತಮ್ಮ ಹಕ್ಕನ್ನು ಮತ್ತೆ ಹೇಳಿಕೊಳ್ಳಲು ಅವಕಾಶವಿರುತ್ತದೆ. ಅಲ್ಲಿಯವರೆಗೆ ಹೊಸ ಕಡತಗಳು ತೆರೆಯುವುದಿಲ್ಲ. ಇದನ್ನು ಅರಿಯದೆ, ಸರ್ವರು ಎದ್ದರೂ ಏನೂ ನಡೆಯುತ್ತಿಲ್ಲವೆಂದು ಅದನ್ನು ಮತ್ತೊಮ್ಮೆ ಆರಿಸಿ ಹಚ್ಚುವವರು ಆ 90 ಸೆಕೆಂಡುಗಳನ್ನು ಮತ್ತೆ ಮೊದಲಿನಿಂದ ಎಣಿಸಬೇಕಾಗುತ್ತದೆ.

ಇತ್ತ ಎರಡನೆಯ ಡಿಸ್ಕನ್ನು ಒಡನೆಯೇ ಸರಿಪಡಿಸಲು ಹೋಗದೆ, ಅದರ ಆಮೂಲಾಗ್ರ ನಕಲನ್ನು ಬೇರೊಂದು ಡಿಸ್ಕಿಗೆ ಮಾಡಿಕೊಂಡೆವು. ಇದಕ್ಕೇ ಎರಡೂವರೆ ಗಂಟೆಗೂ ಹೆಚ್ಚು ಹಿಡಿಯಿತು. ಸರಿಪಡಿಸುವ ಕ್ರಮವಿಧಿಯೂ ಡಿಸ್ಕಿನ ಮೇಲೆ ಬರೆಯುತ್ತದೆಂಬುದನ್ನು ಮರೆಯಬಾರದು. ಅದು ತಪ್ಪಿದರೆ ಹಿಂದಿರುಗಲು ಒಂದು ದಾರಿ ಬೇಕು. ಆಮೇಲೆ ಎಫ್.ಎಸ್.ಸಿ.ಕೆ. ಎಂಬ ಪರೀಕ್ಷಕವನ್ನು ಮೊದಲು ಏನನ್ನೂ ಬದಲಿಸದೆ ಓದಿ ವರದಿ ಮಾಡುವಂತೆ, ಅನಂತರ ಸರಿಪಡಿಸುವಂತೆ ನಡೆಸಿದೆವು. ಜೋಡಿಸಿರುವ ಡಿಸ್ಕಿನ ಮೇಲೆ ಇದನ್ನು ನಡೆಸುವುದು ಮಹಾ ಪ್ರಮಾದ. ಓಡುವ ಬಂಡಿಯ ಕೀಲನ್ನು ಬಿಚ್ಚಿದಂತೆ. ಕೆಲಸ ಮುಗಿದಾಗ ಹೆಸರು ಕಳೆದುಕೊಂಡ ಹನ್ನೊಂದು ಕಡತಗಳು ಅನಾಥರ ಕೋಶವೊಂದರಲ್ಲಿ ಬರಿಯ ಸಂಖ್ಯೆಗಳಾಗಿ ಉಳಿದುವು. ಉಳಿದುದೆಲ್ಲ ಸ್ವಸ್ಥಾನದಲ್ಲಿತ್ತು. ಡಿಸ್ಕನ್ನು ಜೋಡಿಸಿ ಪಟ್ಟಿಯನ್ನು ತೆರೆಸಿದೆವು. ಹುಡುಗಿ ಮೊದಲು ನೋಡಿದುದು ಮೂರನೆಯ ಬೆಳೆಯ ಕೊನೆಯ ಸಾಲನ್ನು. ಅದು ಇತ್ತು. ಅವಳು ಏನೂ ಹೇಳದೆ ಚೀಲದಿಂದ ನೋಟುಪುಸ್ತಕ ತೆಗೆದು, ಮೊದಲ ಸಾಲಿನಿಂದ ಎಲ್ಲವನ್ನೂ ಕಾಗದಕ್ಕೆ ಬರೆದುಕೊಳ್ಳತೊಡಗಿದಳು.

ಸೇವೆಯನ್ನು ಮತ್ತೆ ತೊಡಗಿಸಿದಾಗ ಐದು ಯಂತ್ರಗಳೂ, ಮೂರು ಗಂಟೆಗೂ ಮೀರಿ ನಿಂತಿದ್ದವು, ಕದಲಿದುವು. ಅರ್ಧ ಮೂಡಿದ್ದ ಪಟ್ಟಿ ಉಳಿದರ್ಧವನ್ನು ಮೂಡಿಸಿತು. ಆದರೆ ಅವುಗಳಲ್ಲಿ ಮನೆಕೋಶವನ್ನು ತೆರೆಯಹೋದರೆ ‘ಹಳಸಿದ ಹಿಡಿಕೆ’ ಎಂಬರ್ಥದ ದೂರು ಬಂತು. ಜೋಡಣೆಯಾಗುವಾಗ ಸರ್ವರು ಪ್ರತಿಯೊಂದು ಕೋಶಕ್ಕೂ ಒಂದು ಗುರುತಿನ ಬಿಲ್ಲೆಯನ್ನು ಕೊಟ್ಟಿರುತ್ತದೆ. ಬೆಳಿಗ್ಗೆ ಕೊಟ್ಟ ಬಿಲ್ಲೆ ಬರಿನೆಲದ್ದು, ಈಗ ಅಲ್ಲಿ ಇರುವುದು ಚಾಪೆ. ಹೆಸರು ಒಂದೇ ಆದರೂ ವಸ್ತು ಬೇರೆ. ಇಂತಹ ದೂರಿಗೆ ಕಾಯುವುದು ಮದ್ದಲ್ಲ. ಹಳೆಯ ಜೋಡಣೆಯನ್ನು ಕಳಚಿ ಹೊಸದಾಗಿ ಜೋಡಿಸಬೇಕು. ಆ ಐದನ್ನೂ ಮತ್ತೊಮ್ಮೆ ಬೂಟ್ ಮಾಡಿದೆವು.

ಮಧ್ಯಾಹ್ನದ ಮೇಲೆ ಇನ್ನೊಬ್ಬ ವಿದ್ಯಾರ್ಥಿ ಬಂದನು. ಎಲ್ಲರ ಹಳೆಯ ಕಡತಗಳೂ ಬಂದುವು, ತಾನು ಬೆಳಿಗ್ಗೆ ಒಂದು ಗಂಟೆ ಕುಳಿತು ಬರೆದುದು ಮಾತ್ರ ಹೋಯಿತು ಎಂದು ಅವನ ದೂರು. ಸಹಾಯಕರು ಹೊಸ ಕೋಶ ತೆರೆದುಕೊಟ್ಟ ಮೂವರಲ್ಲಿ ಇವನೊಬ್ಬ. ಅವನ ಬರಹ ಬರಿನೆಲದ ಮೇಲೆ ಇತ್ತು. ನಾವು ಅದರ ಮೇಲೆ ಚಾಪೆ ಹಾಸಿದ್ದೆವು! ಚಾಪೆಯನ್ನು ಎತ್ತದೆಯೇ ಅಡಿಯನ್ನು ನೋಡುವ ಉಪಾಯ ಯುನಿಕ್ಸಿನಲ್ಲುಂಟು. ಮೊದಲನೆಯ ಡಿಸ್ಕಿನ ಬೇರನ್ನೇ ಇನ್ನೊಂದು ಖಾಲಿ ಕೋಶದ ಮೇಲೆ ಎರಡನೆಯ ಸಲ ಜೋಡಿಸಿದರೆ, ಬೈಂಡ್ ಎಂಬ ಆ ಬಗೆಯ ಜೋಡಣೆಯಲ್ಲಿ ಮೇಲೆ ಹಾಸಿದ ಡಿಸ್ಕುಗಳು ಜೊತೆಗೆ ಬರುವುದಿಲ್ಲ. ಹಾಗೆ ಮಾಡಿ ಅವನ ಕಡತವನ್ನು ಎತ್ತಿಕೊಟ್ಟೆವು.

ಅದೇ ಸಂಜೆ ಮನೆಕೋಶಗಳ ಸಾಲಿನಿಂದ ನೋಫೇಲ್ ಪದವನ್ನು ತೆಗೆದುಹಾಕಿದೆವು. ಸರ್ವರು ಜಾಲಕ್ಕೆ ಯಾವ ಕೋಶಗಳನ್ನು ಒದಗಿಸಬೇಕೆಂಬ ಇನ್ನೊಂದು ಪಟ್ಟಿಯಿರುತ್ತದೆ. ಅದರ ಹೆಸರು ಎಕ್ಸ್‌ಪೋರ್ಟ್ಸ್. ಅದರಲ್ಲಿ ಮೌಂಟ್‌ಪಾಯಿಂಟ್ ಎಂಬ ಪದವನ್ನು ಸೇರಿಸಬಹುದು: ಈ ಕೋಶದ ಮೇಲೆ ನಿಜವಾಗಿಯೂ ಒಂದು ಡಿಸ್ಕು ಜೋಡಣೆಯಾಗಿದ್ದರೆ ಮಾತ್ರ ಒದಗಿಸು, ಬರಿನೆಲವನ್ನು ತೋರಿಸಬೇಡ ಎಂದು ಅದರ ಅರ್ಥ. ಈ ಒಂದು ಪದವನ್ನು ಮೊದಲೇ ಬರೆದಿದ್ದರೆ ಯಂತ್ರಗಳು ಮನೆಕೋಶದ ಮೆಟ್ಟಿಲಿನಲ್ಲಿ ನಿರಾಕರಣೆಯ ಉತ್ತರವನ್ನು ಪಡೆದು, ದೋಷ ಎಲ್ಲಿದೆಯೆಂಬುದನ್ನು ತಾವೇ ಹೇಳುತ್ತಿದ್ದುವು. ಎರಡು ದಿನ ಕಳೆದ ಮೇಲೆ, ತರಗತಿಯಿಲ್ಲದ ಹೊತ್ತಿನಲ್ಲಿ, ಡಿಸ್ಕನ್ನು ಜೋಡಿಸದೆ ಬಿಟ್ಟು ಬೇಕೆಂದೇ ಪರೀಕ್ಷಿಸಿದೆವು. ಹಾಗೆಯೇ ಆಯಿತು.

ಮೌಂಟ್ ಮಾಡುವುದೆಂಬುದನ್ನು ಕಣ್ಣಾರೆ ನೋಡಬಯಸುವವರು ಲಿನಕ್ಸ್ ಇರುವ ಯಾವುದಾದರೂ ಯಂತ್ರದಲ್ಲಿ, ಅದರ ಮೇಲ್ವಿಚಾರಕರ ಅನುಮತಿ ಪಡೆದು, ಈ ಪ್ರಯೋಗವನ್ನು ಮಾಡಬಹುದು. ಒಂದು ಹೊಸ ಕೋಶವನ್ನು ತೆರೆದು ಅದರಲ್ಲಿ ‘ನಾಣ್ಯ’ ಎಂಬ ಹೆಸರಿನ ಕಡತವನ್ನಿಡಿ. ಪೆನ್‌ಡ್ರೈವ್ ಒಂದನ್ನು ಆ ಕೋಶದ ಮೇಲೆ ಮೌಂಟ್ ಮಾಡಿ ಪಟ್ಟಿಯನ್ನು ನೋಡಿ. ಕಳಚಿ ಮತ್ತೆ ನೋಡಿ. ಎರಡನೆಯ ಸಲ, ಮೌಂಟ್ ಮಾಡುವುದಕ್ಕೆ ಮೊದಲೇ ಇನ್ನೊಂದು ಕಿಟಕಿಯಲ್ಲಿ ‘ಟೇಲ್’ ಆಜ್ಞೆಯಿಂದ ನಾಣ್ಯವನ್ನು ತೆರೆದು ಹಿಡಿದಿಟ್ಟುಕೊಂಡಿರಿ. ಮೇಲೆ ಚಾಪೆ ಹಾಸಿದಾಗ ಆ ಕಿಟಕಿಯಲ್ಲಿ ಏನಾಗುವುದೆಂಬ ನಿಮ್ಮ ಊಹೆಯನ್ನು ಕಾಗದದ ಮೇಲೆ ಬರೆದಿಟ್ಟು, ಆಮೇಲೆ ಪರದೆಯನ್ನು ನೋಡಿ.